ದೊಡ್ಡವ್ವನ ಎಲೆಯಡಿಕೆ ಚೀಲ, ವಕೀಲರ ಮೂರು ಕಾಲಿನ ಮೇಜು

ನನಗೆ ಸಿಟ್ಟು ಬರುವುದೇ ಅಪರೂಪ. ಬಂದರೂ ಊಟ ಮುಗಿದ ಮೇಲೆ ಬರುವ ನೆಂಟನ ಹಾಗೆ ತಡವಾಗಿ ಬರುತ್ತದೆ. ಈ ಸಲ ಬಂದದ್ದು ಒಂದು ಕಥೆಯನ್ನು ನಕಲು ಮಾಡುವಾಗ, ಹನ್ನೊಂದನೆಯ ಪುಟದಲ್ಲಿ.

ನಾನು ಬಳ್ಳಾರಿಯಲ್ಲಿ ಒಬ್ಬ ವಕೀಲರ ಗುಮಾಸ್ತನಾಗಿದ್ದೆ. ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ಐದಾರು ಜನ ದೊಡ್ಡವರು ಕಿಟಕಿ ಮುಚ್ಚಿ, ಮೂರು ಕಾಲಿನ ಮೇಜಿನ ಮೇಲೆ ಕೈಯಿಟ್ಟು ಸತ್ತವರನ್ನು ಕರೆಯುತ್ತಾರೆ. ನಮ್ಮೂರ ಬಿಸಿಲಿನಲ್ಲಿ ಕಿಟಕಿ ಮುಚ್ಚಿದರೆ ಕರೆಯುವವರೇ ಅರ್ಧ ದಾರಿ ಹೋಗಿರುತ್ತಾರೆ. ಬಂದವರು ಮೇಜಿನ ಕಾಲು ಕುಟ್ಟಿ, ಕುಟ್ಟಿದ ಎಣಿಕೆಗೊಂದು ಅಕ್ಷರದಂತೆ, ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ಕುರುಗೋಡಿನಲ್ಲಿ ತೀರಿಕೊಂಡ ವಕೀಲರ ಅಜ್ಜ, ಬದುಕಿದ್ದಾಗ ಇಂಗ್ಲಿಷಿನ ಗಾಳಿಯನ್ನೂ ಸೋಕಿಸಿಕೊಳ್ಳದವರು, ಸತ್ತ ಮೇಲೆ ತಪ್ಪಿಲ್ಲದೆ ಕುಟ್ಟಿದರು. ಬರೆದುಕೊಂಡವನು ನಾನೇ. ನಂಬಿದ್ದೆ ಕೂಡ, ಸುಳ್ಳೇಕೆ ಹೇಳಲಿ.

ಇಂಥ ವಕೀಲರು ತಮ್ಮ ಕೂಟದ ಪತ್ರಿಕೆಗೆ ಒಂದು ಕಥೆ ಬರೆದರು. ಸಿರುಗುಪ್ಪದ ಕಡೆಯ ಒಬ್ಬ ಮುದುಕಿಗೆ ಮಂಗಳವಾರ ಮೈಮೇಲೆ ದೇವಿ ಬರುತ್ತಾಳೆ. ಬರುವ ಮೊದಲು ಮುದುಕಿ ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ ಪಕ್ಕದವಳಿಗೆ ಕೊಡುತ್ತಾಳೆ. ಮೇಜಿನ ವಿದ್ಯೆ ಬಲ್ಲ ಕಥಾನಾಯಕ, ‘ದೇವಿ ಬರುವುದು ಇವಳಿಗೆ ಮೊದಲೇ ಹೇಗೆ ಗೊತ್ತು?’ ಎಂದು ಕೇಳಿ ಅವಳನ್ನು ಕಳ್ಳಿಯೆಂದು ತೋರಿಸುತ್ತಾನೆ. ಜನ ಅವಳನ್ನು ಊರಿನಿಂದ ಓಡಿಸುತ್ತಾರೆ.

ನನ್ನ ಲೇಖನಿ ನಿಂತಿತು. ಅದೇ ಸಿರುಗುಪ್ಪದ ಕಡೆಯ ಹಚ್ಚೊಳ್ಳಿಯಲ್ಲಿ ನನ್ನನ್ನು ಸಾಕಿ ಬೆಳೆಸಿದ ದೊಡ್ಡವ್ವ, ಮೈಮೇಲೆ ದೇವಿ ಬರುವ ಮೊದಲು ಚೀಲ ಕೊಡುವುದು ಹೀಗೆಯೇ. ಇದು ಅಚ್ಚಾಗಿ, ಓದು ಬಲ್ಲವನೊಬ್ಬ ಊರ ಕಟ್ಟೆಯ ಮೇಲೆ ಕೂತು ಓದಿದರೆ ಸಾಕು, ಆ ಮುದುಕಿ ಯಾರೆಂದು ಮಕ್ಕಳಿಗೂ ತಿಳಿಯುತ್ತದೆ. ಆಮೇಲೆ ದೇವಿಯನ್ನು ಕೇಳಲು ಅವಳ ಅಂಗಳಕ್ಕೆ ಯಾರೂ ಬರುವುದಿಲ್ಲ.

ನೇರವಾಗಿ ಹೋಗಿ ಹೇಳಿಬಿಟ್ಟೆ: “ಇದನ್ನ ನಾ ಬರಿಯಂಗಿಲ್ರಿ. ಮೇಜು ಅಳ್ಳಾಡೋಕಿಂತ ಮೊದ್ಲ ನೀವು ಕನ್ನಡಕ ತಗದು ಕಿಸೆದಾಗ ಇಡ್ತೀರಿ. ನಿಮಗ ಹೆಂಗ ಗೊತ್ತಾಗ್ತೈತ್ರಿ? ನಿಮ್ಮ ಅಜ್ಜಾರು ಕಟಗಿಯಾಗ ಬಂದ್ರ ಶಾಸ್ತ್ರ, ನಮ್ಮ ತಾಯಿ ಮನಷ್ಯಾರ ಮೈಯಾಗ ಬಂದ್ರ ಮೋಸ ಏನ್ರಿ?”

ವಕೀಲರಿಗೆ ಸಿಟ್ಟು ಬರಲಿಲ್ಲ. ಎಷ್ಟೋ ಸಾಕ್ಷಿಗಳನ್ನು ಮಣಿಸಿದವರು ಅವರು. “ಚೀಲದ ಸುದ್ದಿ ನನಗ ಹೇಳಿದಾಂವ ಯಾರಪ? ನೀನ ಅಲ್ಲೇನು? ಹೊಟ್ಟಿ ಹಿಡ್ಕೊಂಡು ನಕ್ಕೋತ ಹೇಳಿದ್ದಿ,” ಎಂದರು.

ಹೌದು, ಹೇಳಿದ್ದೆ. ದೊಡ್ಡವರ ನಡುವೆ ಕೂರಲು ಕುರ್ಚಿ ಸಿಕ್ಕಿತ್ತು, ನಾಲಿಗೆಗೆ ಮೂಳೆ ಇರಲಿಲ್ಲ. ಹಾಗೆಂದು ಬಗ್ಗಲಿಲ್ಲ. ನಕಲಿನ ಹನ್ನೊಂದೂ ಪುಟ ಹರಿದು, ಕೆಲಸಕ್ಕೆ ಸಲಾಮು ಹೊಡೆದು ಬಂದೆ. ವಕೀಲರ ಕೈಬರಹ ಓದಬಲ್ಲವನು ಬಳ್ಳಾರಿಯಲ್ಲಿ ನಾನೊಬ್ಬನೇ. ಅಚ್ಚಿನ ಮೊಳೆ ಜೋಡಿಸುವವನು ಅದನ್ನು ನೋಡಿದರೆ ಅವನ ಮೈಮೇಲೂ ಏನಾದರೂ ಬಂದೀತು. ಕಥೆ ಅಚ್ಚಾಗಲೇ ಇಲ್ಲ.

ಗಾಡಿ ಹತ್ತಿ ಹಚ್ಚೊಳ್ಳಿಗೆ ಹೋಗಿ, ಒಲೆಯ ಮುಂದೆ ಕೂತು ದೊಡ್ಡವ್ವನಿಗೆ ಎಲ್ಲವನ್ನೂ ಹೇಳಿದೆ, ನಕ್ಕದ್ದನ್ನೂ ಬಿಡದೆ. ಶಾಬಾಸ್ ಅಂದಾಳು ಎಂದು ಕಾದೆ. ಅವಳು ರೊಟ್ಟಿ ಬಡಿಯುತ್ತಲೇ ಹೇಳಿದಳು:

“ಮಳಿ ಬರೂ ಮೊದ್ಲ ಗಾಳಿ ಬೀಸಂಗಿಲ್ಲೇನು? ಹಂಗ ಗೊತ್ತಾಗ್ತೈತಿ. ತಾಯಿ ಬಂದ್ರ ಮೈಮ್ಯಾಲ ಖಬರ ಇರಂಗಿಲ್ಲ, ಒಮ್ಮಿ ಚೀಲ ಕಳಕೊಂಡೀನಿ, ಅದಕ್ಕ ಕೊಡ್ತೀನಿ. ಆ ವಕೀಲಗ ನಾ ಯಾರೋ ಏನೋ, ಬರಕೊಳ್ಳಲಿ. ನೀ ಯಾಕ ನಕ್ಕಿ ಲೇ? ಅದರಾಗ ನಗೂವಂಥಾದ್ದು ಏನಿತ್ತು?”

ಬಾಯಿ ತುಂಬ ರೊಟ್ಟಿ ಇದ್ದದ್ದರಿಂದ ಬಚಾವಾದೆ. ಕೊನೆಗೆ ನುಂಗಿದೆ. ಅವಳು ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.