ಫ್ಲೆಕ್ಸಿನ ಗೃಹಪ್ರವೇಶ

ವಿದೇಶದಲ್ಲಿ ದುಡಿದು ಮರಳಿದವರು ದೇಶದ ವೀರರು. ವೀರರನ್ನು ಊರೊಳಗೆ ಬಿಟ್ಟುಕೊಳ್ಳತಕ್ಕದ್ದಲ್ಲ. ಮಹಾಮಾರಿಯ ವರ್ಷ ನಮ್ಮ ಸಾನ್ ರೋಕೆ ಗ್ರಾಮಸಭೆ ಈ ಎರಡೂ ಠರಾವುಗಳನ್ನು ಒಂದೇ ಚಪ್ಪಾಳೆಯಲ್ಲಿ ಅಂಗೀಕರಿಸಿತು.

ಆ ವೀರರಲ್ಲಿ ನಾನೂ ಒಬ್ಬಳು, ರೊವೆನಾ. ದುಬೈಯ ಹೋಟೆಲೊಂದರಲ್ಲಿ ಆರು ವರ್ಷ ಹಾಸಿಗೆ ಬಟ್ಟೆ ಮಡಚಿ ಶೌರ್ಯ ಮೆರೆದವಳು. ರೋಗಕ್ಕೆ ಹೆದರಿ ಅತಿಥಿಗಳು ಬರುವುದನ್ನು ನಿಲ್ಲಿಸಿದರು, ಹೋಟೆಲಿನವರು ನನ್ನನ್ನು ಮನೆಗೆ ಕಳಿಸಿದರು. ಮಗಳು ಲಿಗಾಯಳಿಗೆ ಎದೆಹಾಲು ಬಿಡಿಸಿ ಹೋದವಳು ನಾನು. ಅವಳನ್ನೊಮ್ಮೆ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು ಅನ್ನುವುದೊಂದೇ ಆಸೆ.

ನನ್ನನ್ನು ಊರಂಚಿನ ಶಾಲೆಯಲ್ಲಿ ಕ್ವಾರಂಟೈನಿಗೆ ಇರಿಸಲಾಯಿತು. ಕಿಟಕಿಯಿಂದ ನೋಡಿದರೆ ರಸ್ತೆಯಾಚೆ ನಮ್ಮ ಮನೆ. ಆದರೆ ಸ್ವಾಗತವನ್ನು ನಿಲ್ಲಿಸುವಂತಿರಲಿಲ್ಲ, ಫ್ಲೆಕ್ಸ್ ಆಗಲೇ ಅಚ್ಚಾಗಿತ್ತು. ಅದರ ತುಂಬ ಊರ ಮುಖ್ಯಸ್ಥ ಕಪಿತಾನ್ ಹೆರಾರ್ದೊ ನಗುತ್ತಿದ್ದರು. ಅವರ ಭುಜದ ಪಕ್ಕ ನಾನೂ ಇದ್ದೆ, ಹಳೇ ಪಾಸ್‌ಪೋರ್ಟಿನ ಫೋಟೊದಲ್ಲಿ, ಬಣ್ಣ ತಿದ್ದಿಸಿಕೊಂಡು ಬೆಳ್ಳಗೆ.

ಕಪಿತಾನ್ ಕಿಟಕಿಯ ಕೆಳಗೆ ಬಂದು ನಿಂತರು.

"ಬೇಜಾರ್ ಮಾಡ್ಕೋಬೇಡಮ್ಮಾ ರೊವೆನಾ. ನಿನ್ ಪರವಾಗಿ ಫ್ಲೆಕ್ಸ್ ಮನೆಗೆ ಹೋಗುತ್ತೆ."

"ಅದು ನಾನಲ್ವಲ್ಲ ಕಪಿತಾನ್!"

"ಅದಕ್ಕೇ ಕಣಮ್ಮಾ. ಅದು ಕೆಮ್ಮಲ್ಲ."

ನಾನು ಕೆಮ್ಮಬಲ್ಲೆ ಎಂಬುದು ನಿಜ.

ಮೈಕಿನಲ್ಲಿ ಪ್ರಕಟಣೆ ಹೊರಟಿತು: "ಸಮಸ್ತ ಗ್ರಾಮಸ್ಥರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಶ್ರೀಮತಿ ರೊವೆನಾ ಅವರು ಇಂದು ಮನೆ ಸೇರಿರುತ್ತಾರೆ. ಸದರಿಯವರು ಶಾಲೆಯ ಕಿಟಕಿಯಲ್ಲಿ ಕಂಡುಬಂದಲ್ಲಿ ಯಾರೂ ಗಮನ ಕೊಡತಕ್ಕದ್ದಲ್ಲ."

ವಾದ್ಯ ಮೊಳಗಿತು. ಫ್ಲೆಕ್ಸಿಗೆ ಔಷಧಿ ಸಿಂಪಡಿಸಿ, ಬಿಸಿಲು ತಾಗದಂತೆ ಕೊಡೆ ಹಿಡಿದು ಒಳಗೆ ಕರೆದೊಯ್ದರು. ಅಮ್ಮ ಅದನ್ನು ಊಟದ ಕುರ್ಚಿಗೆ ಒರಗಿಸಿ, ಮುಂದೆ ಒಂದು ತಟ್ಟೆ ಪಾನ್ಸಿತ್ ಶಾವಿಗೆ ಇಟ್ಟಳು. ದುಬೈಯಿಂದ ಬಂದದ್ದು ಒಂದು ಚಾಕೊಲೇಟನ್ನೂ ತರದೆ ಬರಿಗೈಲಿ ಬಂದಿದೆಯೆಂದು ನೆಂಟರು ಫ್ಲೆಕ್ಸಿನ ಮೇಲೆ ಮುನಿಸಿಕೊಂಡರು. ಕಿಟಕಿಯಲ್ಲಿ ನಿಂತು ನಾನೂ ಕೈ ತಟ್ಟಿದೆ. ನನ್ನ ಸ್ವಾಗತಕ್ಕೆ ನಾನೇ ಸುಮ್ಮನಿದ್ದರೆ ಚೆನ್ನಾಗಿರುತ್ತದೆಯೇ?

ಅವಧಿ ಮುಗಿದು ನಾನು ಮನೆಗೆ ಹೋದಾಗ ಯಾರೂ ಹೊರಗೆ ಬರಲಿಲ್ಲ. ಒಬ್ಬರನ್ನು ಎರಡು ಸಲ ಸ್ವಾಗತಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ.

ಅಮ್ಮ ನನ್ನನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಸ್ಟೂಲ್ ಮೇಲೆ ಕೂತ್ಕೋ ಮಗಳೇ. ಕುರ್ಚೀಲಿ ನೀನಿದೀಯ" ಅಂದಳು.

"ತೆಗೀಬಾರ್ದಾ ಅಮ್ಮಾ ಅದನ್ನ?"

"ಕಪಿತಾನ್ ಮುಖ ಇದೆಯಲ್ಲೇ ಅದ್ರಲ್ಲಿ!"

ಕೂತೆ. ಲಿಗಾಯ ನನ್ನನ್ನು ನೋಡಿದಳು, ಫ್ಲೆಕ್ಸನ್ನು ನೋಡಿದಳು. ಅದರಲ್ಲಿ ಬೆಳ್ಳಗಿದ್ದವಳ ಕಿವಿಗೆ ಬಾಯಿಟ್ಟು ಕೇಳಿದಳು: "ಅಮ್ಮಾ, ಈ ಆಂಟಿ ತೊಡೆ ಮೇಲೆ ಕೂತ್ಕೊಳ್ಳಲಾ?"

ಸದ್ದಿಲ್ಲದೆ ಎದ್ದು ಫ್ಲೆಕ್ಸಿನ ಹಿಂದೆ ಹೋಗಿ, ಇಷ್ಟು ವರ್ಷ ಫೋನಿನಲ್ಲಿ ಮಾತಾಡುತ್ತಿದ್ದ ದನಿಯಲ್ಲೇ ಹೇಳಿದೆ: "ಕೂತ್ಕೋ ಕಂದಾ. ಒಳ್ಳೇ ಆಂಟಿ ಅದು."

ಮತ್ತೆ ಬಂದು ಸ್ಟೂಲಿನ ಮೇಲೆ ಕೂತೆ. ಲಿಗಾಯ ನನ್ನ ತೊಡೆಯೇರಿ, ಫ್ಲೆಕ್ಸಿಗೆ ಥ್ಯಾಂಕ್ಸ್ ಹೇಳಿದಳು. ನಾನೂ ಹೇಳಿದೆ.