ಮಗಳಿಗೊಂದು ಹಳೇ ಕ್ವಾಡ್ ಬೈಕ್

ಹಳೇ ಗಾಡಿ ಕೊಳ್ಳಲು ಹೊರಟ ಮನೆಗೆ ಬೇರೆ ಮನರಂಜನೆ ಬೇಕಾಗುವುದಿಲ್ಲ; ಒಂದನ್ನು ನೋಡಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಇನ್ನೊಂದರ ಫೋನ್ ಬಂದಿರುತ್ತದೆ.

ನಮ್ಮದು ತಿರುವನಂತಪುರದ ಪಟ್ಟಂನಲ್ಲಿ ಫ್ಲ್ಯಾಟು. ಮಗಳಿಗೆ ಕಳಕ್ಕೂಟಂನಲ್ಲಿ ಕಂಪ್ಯೂಟರ್ ಕೆಲಸ. ವಾರವಿಡೀ ಕುರ್ಚಿ, ರಜಾದಿನ ಬಂತೆಂದರೆ ಊರಾಚೆಯ ಮಣ್ಣಿನ ಟ್ರ್ಯಾಕಿನಲ್ಲಿ ಕ್ವಾಡ್ ಬೈಕ್. ಟ್ರ್ಯಾಕ್ಟರಿನ ಮರಿಯಂತೆ ನಾಲ್ಕು ದಪ್ಪ ಚಕ್ರ, ಬೈಕಿನಂತೆ ಹ್ಯಾಂಡಲ್ಲು, ಓಟ ಮಾತ್ರ ಬಾಲಕ್ಕೆ ಬೆಂಕಿ ಬಿದ್ದ ಹಾಗೆ. ಇಷ್ಟು ದಿನ ಬಾಡಿಗೆಯದಾಗಿತ್ತು. ಮಳೆಗಾಲಕ್ಕೆ ಮೊದಲು ಅಲ್ಲಿ ಹೆಂಗಸರ ರೇಸು. ಸ್ವಂತ ಗಾಡಿ ಇದ್ದವರಿಗೆ ಮಾತ್ರ ಪ್ರವೇಶ. ಹೊಸದು ಕೈಗೆಟುಕದು. ಹಳೆಯದು ಸಿಗದಿದ್ದರೆ ಮುಂದಿನ ವರ್ಷದವರೆಗೆ ಕಾಯಬೇಕು, ಕಾಯುವ ಗುಣ ನಮ್ಮ ವಂಶದಲ್ಲೇ ಇಲ್ಲ.

ಪರೀಕ್ಷಕಳಾಗಿ ನನ್ನನ್ನು ನಾನೇ ನೇಮಿಸಿಕೊಂಡೆ. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಫಸ್ಟ್ ಕ್ಲಾಸಿನಲ್ಲಿ ಬಿ.ಎಸ್ಸಿ. ಪಾಸಾದವಳು ನಾನು. ನಮ್ಮ ಮನೆಯಲ್ಲಿ ಮಿಕ್ಸಿ ಕೆಟ್ಟು ಹೋದರೂ ಅದರ ರಸೀದಿ ಭದ್ರವಾಗಿರುತ್ತದೆ. ವಿಡಿಯೊ ನೋಡಿ, ಮೆಕ್ಯಾನಿಕ್ಕನ್ನು ಕಾಡಿ, ಎಂಜಿನ್ನಿನಿಂದ ಹಿಡಿದು ಚಕ್ರದ ಬೇರಿಂಗಿನವರೆಗೆ ಏನೇನು ನೋಡಬೇಕೆಂದು ಬರೆದುಕೊಂಡೆ.

"ಅಮ್ಮ, ನನಗೆ ಗಂಡು ನೋಡುವಾಗಲೂ ಇಷ್ಟು ವಿಚಾರಿಸಲಿಲ್ಲ ನೀನು" ಎಂದಳು ಮಗಳು.

"ಅವನನ್ನು ಓಡಿಸಿ ನೋಡುವ ಹಾಗಿರಲಿಲ್ಲ" ಎಂದೆ.

ಪಾತ್ರೆ ತೊಳೆಯುತ್ತಿದ್ದ ಅಳಿಯ ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದ.

ಬೆಳಿಗ್ಗೆ ಏಳದ ಗಾಡಿ

ಮೊದಲನೆಯದು ಕಳಕ್ಕೂಟಂನಲ್ಲೇ, ಮಗಳಂತೆಯೇ ಐಟಿ ಕೆಲಸದಲ್ಲಿದ್ದ ಒಬ್ಬ ಹುಡುಗನದು. ನಾವು ಹೋಗುವಾಗ ಎಂಜಿನ್ ತಣ್ಣಗಿರಬೇಕು. ತಣ್ಣಗಿದ್ದಾಗ ಸ್ಟಾರ್ಟ್ ಆದರೆ ಮಾತ್ರ ಆರೋಗ್ಯ ಸರಿಯಿದೆ ಎಂದರ್ಥ. ಮುಟ್ಟಿದೆ. ದೋಸೆ ಹಾಕಬಹುದಿತ್ತು.

"ಮೊದಲೇ ಓಡಿಸಿಟ್ಟಿದ್ದೀಯಾ?"

"ಇಲ್ಲ ಚೇಚಿ, ಬಿಸಿಲಿಗೆ ಕಾದಿದೆ" ಎಂದ, ಮಲಯಾಳದಲ್ಲಿ ಅಕ್ಕ ಎಂದು ಕರೆದು.

ಗಾಡಿ ನಿಂತಿದ್ದದ್ದು ಫ್ಲ್ಯಾಟಿನ ನೆಲಮಾಳಿಗೆಯಲ್ಲಿ.

ಮರುದಿನ ಹೇಳದೆ ಕೇಳದೆ ಬೆಳ್ಳಂಬೆಳಿಗ್ಗೆ ಹೋದೆವು. ಹುಡುಗ ಕಣ್ಣುಜ್ಜುತ್ತಾ ಬಂದು ಬಟನ್ ಒತ್ತಿದ. ಗಾಡಿ ಕೆಮ್ಮಿತು. ಮತ್ತೆ ಒತ್ತಿದ. ಇನ್ನೊಂದು ಸಲ ಕೆಮ್ಮಿ ಮಲಗಿಯೇ ಬಿಟ್ಟಿತು. ಅವನು ಸ್ವಲ್ಪವೂ ಅಳುಕದೆ ಹೇಳಿದ: "ಇದಕ್ಕೆ ಬೆಳಿಗ್ಗೆ ಏಳುವ ಅಭ್ಯಾಸವಿಲ್ಲ ಚೇಚಿ. ನಮ್ಮಿಬ್ಬರದೂ ನೈಟ್ ಶಿಫ್ಟು."

ಉಪ್ಪು ಕಾಣದ ಗಾಡಿ

ಎರಡನೆಯದಕ್ಕೆ ರೈಲು ಹತ್ತಿ ಕೊಚ್ಚಿಗೇ ಹೋದೆವು. ಮಗಳು ಸೀಟಿನಲ್ಲಿ ಕೂತದ್ದಕ್ಕಿಂತ ಬಾಗಿಲ ಬಳಿ ನಿಂತದ್ದೇ ಹೆಚ್ಚು. ಗಾಡಿಯ ಯಜಮಾನ ಫೋರ್ಟ್ ಕೊಚ್ಚಿಯಲ್ಲಿ ಹೋಂಸ್ಟೇ ನಡೆಸುವವರು. ಗಾಡಿ ಮದುಮಗಳಂತೆ ಕೆಂಪಗೆ ಮಿಂಚುತ್ತಿತ್ತು. ಹಳೇ ಗಾಡಿಗೆ ಹೊಸ ಬಣ್ಣ ಕಂಡರೆ ನನಗೆ ಖುಷಿಯಾಗುವುದಿಲ್ಲ. ಹೇರ್‌ಪಿನ್ ತೆಗೆದು ಸೀಟಿನ ಕೆಳಗಿನ ಕಬ್ಬಿಣವನ್ನು ಕೆರೆದೆ. ಬಣ್ಣದ ಕೆಳಗೆ ತುಕ್ಕು, ತುಕ್ಕಿನ ಪಕ್ಕದಲ್ಲಿ ಬೆಸುಗೆ.

"ಕಡಲ ಮರಳಿನಲ್ಲಿ ಓಡಿಸಿದ್ದೀರಾ?"

"ಅಯ್ಯೋ, ಇಲ್ಲ ಅಮ್ಮ. ಇದು ಉಪ್ಪನ್ನೇ ಕಂಡಿಲ್ಲ."

ಗಾಳಿ ಸೋಸುವ ಫಿಲ್ಟರಿನ ಡಬ್ಬಿ ಬಿಚ್ಚಿಸಿದೆ. ಹಿಡಿ ಮರಳು ಸುರಿಯಿತು, ಅದರ ಜೊತೆಗೊಂದು ಪುಟ್ಟ ಕಪ್ಪೆಚಿಪ್ಪು. ಅವರು ಅದನ್ನೆತ್ತಿ ಎರಡೂ ಕಡೆ ತಿರುಗಿಸಿ ನೋಡಿ, ನಿಧಾನವಾಗಿ ಹೇಳಿದರು: "ನಾವು ಸಮುದ್ರಕ್ಕೆ ಹೋಗಿಲ್ಲ ಅಮ್ಮ. ಅದೇ ಇಲ್ಲಿಗೆ ಬಂದು ಹೋಗಿರಬೇಕು."

ಓದಿದವರ ಕಷ್ಟ

ಅದೇ ದಿನ ಕೊಚ್ಚಿಯಲ್ಲೇ ಒಬ್ಬ ವ್ಯಾಪಾರಿಯದು ಇನ್ನೊಂದು. ಎಂಜಿನ್ ಸರಿ, ಬ್ರೇಕ್ ಸರಿ. ಆದರೆ ಬಿಲ್ಲಿನಲ್ಲಿದ್ದ ನಂಬರ್ ಬೇರೆ, ಚಾಸಿಸ್ ಮೇಲೆ ಕೊರೆದಿದ್ದ ನಂಬರ್ ಬೇರೆ.

"ಇದರ ಬಿಲ್ಲು ಎಲ್ಲಿ?" ಎಂದೆ.

"ನನ್ನ ಇನ್ನೊಂದು ಗಾಡಿ ಮಾರಿದೆನಲ್ಲ, ಅದರ ಜೊತೆ ಹೋಯಿತು. ಅವರು ನಿಮ್ಮಷ್ಟು ಓದಿದವರಲ್ಲ ಚೇಚಿ, ಜಗಳವಿಲ್ಲದೆ ತಗೊಂಡು ಹೋದರು."

ಕೊನೆಯ ಪರೀಕ್ಷೆ

ವಾಪಸು ಬರುವಾಗ ರೈಲಿನಲ್ಲಿ ಮಗಳು ಸಿಡಿದಳು. "ನಿನ್ನ ಕೈಯಲ್ಲಿ ಯಾವ ಗಾಡಿಯೂ ಪಾಸಾಗಲ್ಲ ಅಮ್ಮ. ನಾನು ಬೀಳ್ತೀನಿ ಅಂತ ನಿನಗೆ ಭಯ. ಅದನ್ನ ಬಾಯಿಬಿಟ್ಟು ಹೇಳು, ಬೇರಿಂಗ್ ಮೇಲೆ ಹಾಕಬೇಡ. ಇನ್ನೊಂದು ನೋಡೋದು ಬಾಕಿ ಇದೆ. ಅದನ್ನೂ ಬೇಡ ಅಂದರೆ ನಾನೊಬ್ಬಳೇ ಹೋಗಿ ಕಣ್ಣು ಮುಚ್ಚಿ ತರ್ತೀನಿ."

ಆ ಇನ್ನೊಂದೂ ಕೊಚ್ಚಿಯ ಹೊರವಲಯದಲ್ಲೇ ಇತ್ತು; ಮುಂದಿನ ವಾರ ಮತ್ತೆ ರೈಲು ಹತ್ತಿದೆವು. ಮಾರುವವರು ನನ್ನ ವಯಸ್ಸಿನ ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಮಗ ರೇಸಿಗೆ ಓಡಿಸುತ್ತಿದ್ದನಂತೆ. ಮಗು ಹುಟ್ಟಿದ ಮೇಲೆ ಬಿಟ್ಟನಂತೆ. ಎಂಜಿನ್ ಮುಟ್ಟಿದೆ, ತಣ್ಣಗಿತ್ತು. ಒಂದೇ ಒತ್ತಿಗೆ ಸ್ಟಾರ್ಟ್ ಆಯಿತು. ಚಕ್ರ ಹಿಡಿದು ಅಲ್ಲಾಡಿಸಿದೆ; ಬೇರಿಂಗ್ ಸವೆದಿದ್ದರೆ ಅಲ್ಲಾಡಬೇಕು, ಅಲ್ಲಾಡಲಿಲ್ಲ. ಚೈನು, ಬಿಲ್ಲು, ಆಯಿಲ್ಲು, ಯಾವುದರಲ್ಲೂ ಹುಳುಕಿಲ್ಲ. ನನಗೆ ಕೈ ಕಟ್ಟಿಹಾಕಿದಂತಾಯಿತು.

"ರಿವರ್ಸ್ ಗೇರ್ ಇಲ್ಲವಲ್ಲ" ಎಂದೆ ಕೊನೆಗೆ.

"ರೇಸಿನ ಗಾಡಿಗೆ ಅದಿರುವುದಿಲ್ಲ ಅಮ್ಮ" ಎಂದಳು ಮಗಳು, ಹಲ್ಲು ಕಚ್ಚಿಕೊಂಡು.

ಟೀಚರ್ ಮುಂದೆ ಬಂದರು. "ನಿಮ್ಮದು ಮುಗಿಯಿತಲ್ಲ? ಈಗ ನನ್ನದು" ಎಂದು ಮಗಳಿಗೆ ಹೆಲ್ಮೆಟ್ ಹಾಕಿಸಿ, ಅಂಗಳದಲ್ಲಿ ಎರಡು ಸುತ್ತು ಓಡಿಸಲು ಬಿಟ್ಟರು. "ಇವಳು ಪಾಸು. ಬೇಡ ಅನ್ನುವವರು ನೀವು. ಹತ್ತಿ."

ಫಸ್ಟ್ ಕ್ಲಾಸಿನವಳು ಹಿಂಜರಿಯಬಹುದೇ? ಹೆಲ್ಮೆಟ್ ಹಾಕಿಕೊಂಡು, ಸೀರೆ ಎತ್ತಿ ಸಿಕ್ಕಿಸಿ ಹತ್ತಿದೆ. ಆಕ್ಸಿಲರೇಟರನ್ನು ಇದರಲ್ಲಿ ತಿರುಗಿಸುವಂತಿಲ್ಲ, ಹೆಬ್ಬೆರಳಿನಿಂದ ಒತ್ತಬೇಕು. ಭಯವಾದರೆ ಮನುಷ್ಯ ಕೈ ಬಿಗಿ ಹಿಡಿಯುತ್ತಾನೆ. ಕೈ ಬಿಗಿಯಾದರೆ ಹೆಬ್ಬೆರಳೂ ಬಿಗಿಯುತ್ತದೆ. ಈ ಭೌತಶಾಸ್ತ್ರ ಮೈಸೂರಿನಲ್ಲಿ ಯಾರೂ ಕಲಿಸಿರಲಿಲ್ಲ. ಅಂಗಳ ದಾಟಿ, ಒಗೆದು ಹರವಿದ್ದ ಬೆಡ್‌ಶೀಟೊಂದನ್ನು ಹೊದ್ದುಕೊಂಡು, ಬಾಳೆಗಿಡಗಳ ನಡುವೆ ನುಗ್ಗಿ ನಿಂತೆ. ಮುಂದೆ ಗೋಡೆ, ರಿವರ್ಸ್ ಇಲ್ಲ. ಇಬ್ಬರೂ ಸೇರಿ ನನ್ನನ್ನು ಗಾಡಿಸಮೇತ ಹಿಂದಕ್ಕೆಳೆದರು.

ಟೀಚರ್ ಬೆಡ್‌ಶೀಟು ಸರಿಸಿ, ಚಕ್ರಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದರು. ಆಮೇಲೆ ನನ್ನ ತೋಳು ಹಿಡಿದರು. "ಗಾಡಿಗೆ ಏನೂ ಆಗಿಲ್ಲ. ಬೇರಿಂಗ್ ಅಲ್ಲಾಡುತ್ತಿರುವುದು ಇಲ್ಲಿ."

ಮಗಳ ಮುಖ ಬಾಡಿತ್ತು. "ಬೇಡ ಅಂತೀಯಲ್ಲ, ಗೊತ್ತು. ಇಳಿ ಅಮ್ಮ."

"ಬೇಡ ಅಂದವರು ಯಾರು? ತಗೋ" ಎಂದೆ. "ಒಂದು ನಿಮಿಷ ತಾಳು. ಈಗ ಹೆಬ್ಬೆರಳಿನ ಲೆಕ್ಕ ಗೊತ್ತಾಯಿತು. ಇನ್ನೊಂದು ಸುತ್ತು ಹೋಗಿ ಬರ್ತೀನಿ."

"ಬೀಳ್ತೀಯಮ್ಮ, ಇಳಿ."

ನಾನು ಇಳಿಯಲಿಲ್ಲ. ಟೀಚರ್ ಕೈ ಚಾಚಿ ಕೀ ಕಿತ್ತುಕೊಂಡು ಮಗಳ ಅಂಗೈಗೆ ಹಾಕಿ, ತಮ್ಮ ಮಗಳನ್ನೇ ಕರೆದಂತೆ ಹೇಳಿದರು:

"ಮೋಳೇ, ರೇಸಿನಲ್ಲಿ ಗೆಲ್ಲು, ಸೋಲು, ಅದು ನಿನಗೆ ಬಿಟ್ಟದ್ದು. ಅಮ್ಮನ ಕೈಗೆ ಮಾತ್ರ ಕೀ ಸಿಗದ ಹಾಗೆ ನೋಡಿಕೋ."