ಮಾದರಿಯಲ್ಲಿರುವಂತೆಯೇ

ಮೈಲುಗಲ್ಲು ನಿರ್ವಹಣಾ ಇಲಾಖೆಯ ಕೇಂದ್ರ ಕಚೇರಿಯಲ್ಲಿ ಕೆಲಸ ಮಾಡುವ ನಲವತ್ತೆರಡು ಮಂದಿಯೂ ಒಬ್ಬರೇ ಎಂಬುದು ಈಗ ದಾಖಲೆಗಳಿಂದ ದೃಢಪಟ್ಟಿದೆ. ಶಾಖಾ ಕಚೇರಿಗಳನ್ನೂ ಸೇರಿಸಿಕೊಂಡರೆ ಮುನ್ನೂರ ಎಂಟು ಮಂದಿ ಒಬ್ಬರೇ. ಇದರಿಂದ ಆಡಳಿತಕ್ಕೆ ಬಹಳ ಅನುಕೂಲವಾಗಿದೆ. ಆರಂಭದಲ್ಲಿ ಒಬ್ಬಾಕೆ ಮಾತ್ರ ಬೇರೆಯಾಗಿ ಉಳಿದು ತೊಂದರೆ ಕೊಟ್ಟಿದ್ದಳು. ಆ ವಿಷಯವನ್ನೂ ಇಲಾಖೆ ತಾಳ್ಮೆಯಿಂದ ಬಗೆಹರಿಸಿತು.

ಆಕೆ ರವಾನೆ ವಿಭಾಗದ ಗುಮಾಸ್ತೆ. ಕಚೇರಿಯಿಂದ ಹೊರಹೋಗುವ ಪ್ರತಿ ಕಾಗದಕ್ಕೂ ಸಂಖ್ಯೆ ಕೊಟ್ಟು, ರಿಜಿಸ್ಟರಿನಲ್ಲಿ ಬರೆದು, ಲಕೋಟೆಗೆ ಗೋಂದು ಹಚ್ಚಿ ಕಳಿಸುವುದು ಆಕೆಯ ಕೆಲಸ. ಹತ್ತೊಂಬತ್ತು ವರ್ಷ ಇದನ್ನೇ ಮಾಡಿ ಆಕೆಯ ಹೆಸರು ಎಲ್ಲರಿಗೂ ಮರೆತುಹೋಗಿತ್ತು. ರವಾನೆಯಮ್ಮ ಎಂದೇ ಕರೆಯುತ್ತಿದ್ದರು. ಗಂಡನೂ ಇದೇ ಇಲಾಖೆಯವನು. ದೂರದ ಶಾಖಾ ಕಚೇರಿಯೊಂದರಲ್ಲಿ ಮೈಲುಗಲ್ಲುಗಳಿಗೆ ಬಣ್ಣ ಹೊಡೆಸಿ ಅಂಕಿ ಬರೆಸುವ ಮೇಸ್ತ್ರಿ. ಇಬ್ಬರ ನಡುವೆ ಮುನ್ನೂರ ಹನ್ನೆರಡು ಕಿಲೋಮೀಟರ್. ಇದು ಅಂದಾಜಿನ ಮಾತಲ್ಲ, ಇಲಾಖೆಯ ಸ್ವಂತ ಕಲ್ಲುಗಳು ಹೇಳುವ ದೂರ.

ಮದುವೆಯಾಗಿ ಹದಿನಾಲ್ಕು ವರ್ಷವಾಗಿತ್ತು. ಒಂದೇ ಸೂರಿನಡಿ ಇದ್ದದ್ದನ್ನು ಕೂಡಿಸಿದರೆ ಹದಿನಾಲ್ಕು ತಿಂಗಳೂ ಆಗುತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ನೌಕರರಾದರೆ ಅವರನ್ನು ಒಂದೇ ಊರಿಗೆ ಹಾಕಲು ಇಲಾಖೆಯಲ್ಲಿ ನಿಯಮವಿದೆ. ಆ ನಿಯಮವನ್ನು ನಂಬಿ ರವಾನೆಯಮ್ಮ ವರ್ಷಕ್ಕೊಂದರಂತೆ ಹನ್ನೊಂದು ಅರ್ಜಿ ಹಾಕಿದ್ದಳು. ಹನ್ನೊಂದಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದಿತ್ತು. ಪರಿಶೀಲನೆ ಎಂದರೆ ಇಲಾಖೆಯಲ್ಲಿ ಒಂದು ಕಬ್ಬಿಣದ ಬೀರು. ಆ ಉತ್ತರಗಳಿಗೆ ಆಕೆಯೇ ಸಂಖ್ಯೆ ಕೊಟ್ಟು, ಆಕೆಯೇ ಗೋಂದು ಹಚ್ಚಿ, ತನಗೆ ತಾನೇ ಕಳಿಸಿಕೊಂಡಿದ್ದಳು. ಮನೆಯಲ್ಲಿ ಅತ್ತೆ ಮಾತ್ರ ಇದ್ದರು. ಪ್ರತಿ ಉತ್ತರ ಬಂದಾಗಲೂ ಅವರು, ಮಗನನ್ನು ಹೆತ್ತದ್ದು ತಾನೋ ಇಲಾಖೆಯೋ ಎಂದು ಕೇಳುತ್ತಿದ್ದರು.

ಹೀಗಿರುವಾಗ ನಿರ್ದೇಶಕರು ಒಂದು ಸಭೆಗೆ ಹೋಗಿ ಅವಮಾನ ಮಾಡಿಸಿಕೊಂಡು ಬಂದರು. ಅಲ್ಲಿ ಬೇರೊಂದು ಇಲಾಖೆಯ ಅಧಿಕಾರಿಗೆ ತಮ್ಮ ಕಾಗದದ ವಿಸಿಟಿಂಗ್ ಕಾರ್ಡು ಕೊಟ್ಟರೆ ಆತ ಕಾರ್ಡು ಕೊಡದೆ ಸುಮ್ಮನೆ ಫೋನು ಮುಂದೆ ಹಿಡಿದನಂತೆ. ಇವರು ಕರೆ ಬಂದಿದೆ ಎಂದುಕೊಂಡು ಫೋನನ್ನು ಕಿವಿಗಿಟ್ಟುಕೊಂಡು ‘ಹಲೋ’ ಎಂದುಬಿಟ್ಟರಂತೆ. ವಾಪಸು ಬಂದ ವಾರದೊಳಗೆ ಸುತ್ತೋಲೆ ಹೊರಟಿತು. ಕಾಗದದ ಕಾರ್ಡು ರದ್ದು. ಪ್ರತಿ ನೌಕರನೂ ಡಿಜಿಟಲ್ ಕಾರ್ಡು ಹೊಂದತಕ್ಕದ್ದು. ಸಿಂಧುವಾದ ಕಾರ್ಡು ಇಲ್ಲದವರ ರಜೆ, ವರ್ಗಾವಣೆ ಹಾಗೂ ಗುಂಡುಸೂಜಿಯ ಬೇಡಿಕೆಯನ್ನು ಪರಿಗಣಿಸಲಾಗುವುದಿಲ್ಲ. ಅಲ್ಲಿಯವರೆಗೆ ನಿರ್ದೇಶಕರೊಬ್ಬರನ್ನು ಬಿಟ್ಟರೆ ಇಲಾಖೆಯಲ್ಲಿ ಯಾರಿಗೂ ಯಾವ ಕಾರ್ಡೂ ಇರಲಿಲ್ಲ ಎಂಬುದನ್ನು ಸುತ್ತೋಲೆ ಹೇಳಲಿಲ್ಲ.

ಸಭಾಂಗಣದಲ್ಲಿ ಒಂದು ದಿನದ ತರಬೇತಿ ನಡೆಯಿತು. ‘ಡಿಜಿಟಲ್ ಪರಿಚಯ ಕಾರ್ಡು: ಮೂಲ ಪದಗಳ ತಿಳಿವಳಿಕೆ’ ಎಂಬ ಕೈಪಿಡಿ ಹಂಚಿದರು. ಪದಗಳಿಗೆ ಅರ್ಥ ಬರೆಯಲು ಐದು ಮಂದಿಯ ಸಮಿತಿ ನಾಲ್ಕು ತಿಂಗಳು ದುಡಿದಿತ್ತು. ತರಬೇತುದಾರ ಎದ್ದುನಿಂತು ಅದನ್ನು ಓದಿದ.

‘ಪ್ರೊಫೈಲ್ ಎಂದರೆ ನೌಕರನು ತಾನು ಯಾರೆಂಬುದನ್ನು ಇಲಾಖೆಯ ಅನುಮತಿಯೊಂದಿಗೆ ಹೇಳಿಕೊಳ್ಳುವುದು. ಕ್ಯೂಆರ್ ಕೋಡ್ ಎಂದರೆ ಚೌಕದೊಳಗಿನ ಕಪ್ಪು ಬಿಳುಪು ಚುಕ್ಕಿಗಳು. ಇವುಗಳನ್ನು ಬರಿಗಣ್ಣಿನಿಂದ ಓದಲು ಪ್ರಯತ್ನಿಸಬಾರದು. ಸ್ಕ್ಯಾನ್ ಎಂದರೆ ಸದರಿ ಚುಕ್ಕಿಗಳನ್ನು ಇನ್ನೊಬ್ಬರ ಫೋನಿಗೆ ತೋರಿಸುವುದು. ಟ್ಯಾಪ್ ಎಂದರೆ ಒಂದು ಫೋನನ್ನು ಇನ್ನೊಂದಕ್ಕೆ ತಾಗಿಸುವುದು. ಮೇಲಧಿಕಾರಿಯ ಫೋನಿಗೆ ತಾಗಿಸುವ ಮುನ್ನ ಲಿಖಿತ ಅನುಮತಿ ಪಡೆಯತಕ್ಕದ್ದು. ಲಿಂಕ್ ಎಂದರೆ ಒತ್ತಿದರೆ ಬೇರೆಡೆಗೆ ಕರೆದೊಯ್ಯುವಂಥದು; ಕಚೇರಿ ವೇಳೆಯಲ್ಲಿ ಯಾರೂ ಬೇರೆಡೆಗೆ ಹೋಗುವಂತಿಲ್ಲ. ಅಪ್‌ಡೇಟ್ ಎಂದರೆ ಕಾರ್ಡಿನ ವಿವರ ಬದಲಿಸುವುದು. ಬದಲಿಸುವ ಅಧಿಕಾರವನ್ನು ಇನ್ನೂ ಯಾರಿಗೂ ನೀಡಿರುವುದಿಲ್ಲ. ಟೆಂಪ್ಲೇಟ್ ಎಂದರೆ ಮಾದರಿ. ಎಲ್ಲರೂ ಮಾದರಿಯಲ್ಲಿರುವಂತೆಯೇ ಭರ್ತಿ ಮಾಡತಕ್ಕದ್ದು.’

ಉಗ್ರಾಣದವನು ಎದ್ದು, ಚೌಕದಲ್ಲಿ ಚುಕ್ಕಿಗಳು ಎಷ್ಟಿರಬೇಕು, ಕಡಿಮೆ ಬಿದ್ದರೆ ಯಾರು ಹೊಣೆ ಎಂದು ಕೇಳಿದ. ಪ್ರಶ್ನೆಯನ್ನು ಬರೆದುಕೊಂಡರು. ಆಮೇಲೆ ಬಿಸ್ಕತ್ತು ಬಂತು.

ಕೈಪಿಡಿಯ ಕೊನೆಯ ಪುಟದಲ್ಲಿ ಮಾದರಿ ಕಾರ್ಡು ಇತ್ತು. ಹೆಸರು: ಶ್ರೀ/ಶ್ರೀಮತಿ ನಿಮ್ಮ ಹೆಸರು. ಹುದ್ದೆ: ನಿಮ್ಮ ಹುದ್ದೆ. ವಿಳಾಸ: ಮನೆ ಸಂಖ್ಯೆ ಒಂದು, ಮೊದಲನೆಯ ರಸ್ತೆ, ನಿಮ್ಮ ಊರು. ದೂರವಾಣಿ ಸಂಖ್ಯೆ ಒಂದರಿಂದ ಶುರುವಾಗಿ ಸೊನ್ನೆಯವರೆಗೆ ಸಾಲಾಗಿತ್ತು. ಭಾವಚಿತ್ರದ ಜಾಗದಲ್ಲಿ ಕಣ್ಣು ಮೂಗು ಇಲ್ಲದ ಬೂದುಬಣ್ಣದ ತಲೆಯೊಂದು ಹೆಗಲ ಮೇಲೆ ಕೂತಿತ್ತು.

ಎಲ್ಲರಿಗಿಂತ ಮೊದಲು ನಿರ್ದೇಶಕರ ಕಾರ್ಡು ಸಿದ್ಧವಾಯಿತು. ಅವರ ಸ್ಟೆನೊ ಮೂವತ್ತು ವರ್ಷದಿಂದ ಕೊಟ್ಟದ್ದನ್ನು ಕೊಟ್ಟ ಹಾಗೇ ಬೆರಳಚ್ಚು ಮಾಡಿದವನು. ಒಂದಕ್ಷರ ಬಿಡದೆ ಮಾದರಿಯಲ್ಲಿರುವಂತೆಯೇ ತುಂಬಿದ. ನಿರ್ದೇಶಕರು ಅದನ್ನು ನೋಡಿ, ಚೊಕ್ಕವಾಗಿದೆ ಎಂದು ಒಪ್ಪಿಗೆ ಹಾಕಿದರು. ನಿರ್ದೇಶಕರೇ ಹೀಗೆ ತುಂಬಿರುವಾಗ ಅವರಿಗಿಂತ ಬೇರೆ ಥರ ತುಂಬುವ ಉದ್ಧಟತನ ಯಾರಿಗಿದೆ? ಉಳಿದವರೂ ಹಾಗೇ ತುಂಬಿದರು. ಶಾಖೆಗಳಿಂದಲೂ ಹಾಗೇ ಬಂತು.

ರವಾನೆಯಮ್ಮ ಮಾತ್ರ ತನ್ನ ಹೆಸರು, ತನ್ನ ಹುದ್ದೆ, ತನ್ನ ಮನೆಯ ವಿಳಾಸ, ತನ್ನ ಫೋನ್ ನಂಬರು ಬರೆದಳು. ತನ್ನದೇ ಭಾವಚಿತ್ರ ಹಾಕಿದಳು. ಇಷ್ಟು ವರ್ಷದ ಮೇಲೆ ತನ್ನ ಹೆಸರನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ನೋಡಿ ಆಕೆಗೆ ಸುಮ್ಮನೆ ಖುಷಿಯಾಯಿತು. ಅದನ್ನು ಗಂಡನಿಗೂ ಕಳಿಸಿದಳು.

ಮೂರನೆಯ ದಿನ ನೋಟಿಸು ಬಂತು: ಮಾದರಿಯಿಂದ ವಿಚಲಿತರಾಗಿರುವ ಬಗ್ಗೆ. ಅದಕ್ಕೂ ಆಕೆಯೇ ಸಂಖ್ಯೆ ಕೊಡಬೇಕಾಯಿತು. ಹೆಡ್‌ಕ್ಲರ್ಕು ಒಳ್ಳೆಯ ಮನುಷ್ಯ. ಕರೆದು ಕೂರಿಸಿ ಬುದ್ಧಿ ಹೇಳಿದರು.

“ಏನಮ್ಮಾ ಇದು, ಸ್ವಂತ ಹೆಸರು ಬರೆದುಬಿಟ್ಟಿದ್ದೀರಲ್ಲ.”

“ಕಾರ್ಡು ನಂದಲ್ವಾ ಸಾರ್?”

“ಕಾರ್ಡು ಇಲಾಖೇದು. ನಿರ್ದೇಶಕರೇ ಸ್ವಂತ ಹೆಸರು ಹಾಕ್ಕೊಂಡಿಲ್ಲ. ಅವರಿಗಿಂತ ಹೆಚ್ಚಿನವರಾ ನೀವು?”

“ಆ ಮಾದರಿ ನಂಬರಿಗೆ ಜನ ಫೋನ್ ಮಾಡಿದ್ರೆ ಯಾರು ಎತ್ತುತಾರೆ ಸಾರ್?”

“ಮೊದಲು ಯಾರು ಎತ್ತುತಿದ್ರು?”

ರವಾನೆಯಮ್ಮ ನೋಟಿಸು ಮಡಿಸಿಕೊಂಡು ಎದ್ದಳು. ಯಾಕೆಂದರೆ ಮೊದಲೂ ಯಾರೂ ಎತ್ತುತ್ತಿರಲಿಲ್ಲ.

ಹೊಸ ವ್ಯವಸ್ಥೆ ಚೆನ್ನಾಗಿಯೇ ನಡೆಯಿತು. ಸಾರ್ವಜನಿಕರ ದೂರುಗಳು ಒಂದೇ ತಿಂಗಳಲ್ಲಿ ಪೂರ್ತಿ ನಿಂತವು. ಹಾಜರಿಯನ್ನೂ ಕಾರ್ಡಿಗೆ ಜೋಡಿಸಲಾಯಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದವಳು ಕಸ ಗುಡಿಸುವಾಕೆ. ಆಕೆ ಬಾಗಿಲಲ್ಲಿ ಸ್ಕ್ಯಾನ್ ಮಾಡಿದೊಡನೆ ನಿರ್ದೇಶಕರೂ ಬಂದಂತಾಗುತ್ತಿತ್ತು. ಸಮಯಪಾಲನೆಗಾಗಿ ನಿರ್ದೇಶಕರು ಆಕೆಗೆ ಮೆಚ್ಚುಗೆಯ ಪತ್ರ ಕೊಟ್ಟರು. ಅದರ ಪ್ರತಿಯೊಂದನ್ನು ತಮ್ಮ ಸೇವಾ ಪುಸ್ತಕದಲ್ಲೂ ಅಂಟಿಸಿಕೊಂಡರು. ದಿನವೂ ಗೈರುಹಾಜರಿ ಬೀಳುತ್ತಿದ್ದವಳು ರವಾನೆಯಮ್ಮ ಒಬ್ಬಳೇ. ಒಂಬತ್ತೂಮುಕ್ಕಾಲಿಗೆ ಬಂದು, ಆರರವರೆಗೆ ಕೂತು, ತನ್ನ ಗೈರುಹಾಜರಿಯ ನೋಟಿಸಿಗೆ ತಾನೇ ಗೋಂದು ಹಚ್ಚುತ್ತಿದ್ದಳು. ಇದೆಲ್ಲವನ್ನೂ ಆಕೆ ಸಹಿಸಿದಳು. ಆದರೆ ಹನ್ನೆರಡನೆಯ ಅರ್ಜಿ, ಸಿಂಧುವಾದ ಕಾರ್ಡು ಇಲ್ಲವೆಂದು, ಬೀರುವನ್ನೂ ಮುಟ್ಟದೆ ವಾಪಸಾದದ್ದನ್ನು ಸಹಿಸಲಾಗಲಿಲ್ಲ.

ಅಂದು ಸಂಜೆ ಗಂಡನಿಗೆ ಫೋನ್ ಮಾಡಿ, ನೀವೇನು ಬರೆದಿರಿ ಎಂದು ಕೇಳಿದಳು. ಅವನು ಮಾದರಿಯಲ್ಲಿರುವಂತೆಯೇ ಬರೆದಿದ್ದ. ಇಲಾಖೆ ಕೊಟ್ಟ ಮಾದರಿ ನೋಡಿಕೊಂಡು ಕಲ್ಲಿನ ಮೇಲೆ ಅಂಕಿ ಬರೆಸುವುದೇ ಅವನ ಕೆಲಸವಾದ್ದರಿಂದ ಕೈ ತಾನಾಗಿ ಹಾಗೆ ಓಡಿತಂತೆ.

“ಹೆಸರು ಎಲ್ಲಿಗೆ ಹೋಗುತ್ತೆ ಬಿಡೇ,” ಎಂದ. “ಮೊದಲು ಒಂದೂರಿಗೆ ಬರೋಣ. ಆಮೇಲೆ ನಾನೇ ದಿನಾ ಕರೀತೀನಿ.”

ಹೀಗೆ ಆಕೆಯೂ ಒಪ್ಪಿದಳು. ಆದರೆ ಅಪ್‌ಡೇಟ್ ಮಾಡುವ ಅಧಿಕಾರ ಯಾರಿಗೂ ಇಲ್ಲವಲ್ಲ. ಹೊಸ ಕಾರ್ಡು ಬೇಕಿದ್ದರೆ ಹಳೆಯದು ಕಳೆದುಹೋಗಿರಬೇಕು. ಕಳೆದ ವಸ್ತುವಿನ ನಮೂನೆಯಲ್ಲಿ ‘ಎಲ್ಲಿ ಬಿದ್ದುಹೋಯಿತು’ ಎಂಬ ಕಲಮಿಗೆ ‘ಕಚೇರಿಯಲ್ಲಿ’ ಎಂದು ಬರೆದುಕೊಟ್ಟಳು. ಮೂರು ದಿನ ಜವಾನರು ಬೀರುಗಳನ್ನು ಸರಿಸಿ, ಮೇಜುಗಳ ಕೆಳಗೆ ಬಗ್ಗಿ ಹುಡುಕಿದರು. ಎರಡು ಛತ್ರಿ, ಒಂದು ಕನ್ನಡಕ ಸಿಕ್ಕವು. ಕಾರ್ಡು ಸಿಗಲಿಲ್ಲವೆಂದು ಪಂಚನಾಮೆ ಆಯಿತು. ಆಕೆ ಹೊಸ ಕಾರ್ಡು ತುಂಬಿದಳು, ಮಾದರಿಯಲ್ಲಿರುವಂತೆಯೇ. ಬೂದುಬಣ್ಣದ ತಲೆಯನ್ನು ಸ್ವಲ್ಪ ಹೊತ್ತು ನೋಡಿದಳು. ಗಂಡನ ಫೋನಿನಲ್ಲೂ ಇದೇ ತಲೆ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡಳು. ಮರುದಿನದಿಂದ ಆಕೆ ಹಾಜರಿದ್ದಳು.

ಆಕೆ ಮತ್ತೆ ಹಾಕಿದ ಅರ್ಜಿಗೆ ಈ ಸಲ ಕಾಲು ಬಂದಿತು. ಹನ್ನೊಂದು ವರ್ಷದಲ್ಲಿ ಬೀರುವಿನಿಂದ ಮೇಜಿಗೆ ಬಾರದ ಕಡತ ಎಂಟು ದಿನದಲ್ಲಿ ನಾಲ್ಕು ಮೇಜು ದಾಟಿತು. ಒಂಬತ್ತನೆಯ ದಿನ ಆದೇಶ ಎರಡು ಪ್ರತಿಗಳಲ್ಲಿ ರವಾನೆಗೆ ಬಂತು. ಆಕೆ ಕೈ ಒರೆಸಿಕೊಂಡು ಓದಿದಳು.

‘ಅರ್ಜಿದಾರರ ಕಾರ್ಡನ್ನೂ ಅವರ ಪತಿಯ ಕಾರ್ಡನ್ನೂ ಸ್ಕ್ಯಾನ್ ಮಾಡಿ ತಾಳೆ ನೋಡಲಾಗಿ, ಹೆಸರು, ಹುದ್ದೆ, ಮನೆ, ದೂರವಾಣಿ ಹಾಗೂ ಭಾವಚಿತ್ರ ಒಂದೇ ಆಗಿರುವುದು ಕಂಡುಬಂದಿರುತ್ತದೆ. ಸದರಿಯವರು ಈಗಾಗಲೇ ಒಂದೇ ಮನೆಯಲ್ಲಿ, ಒಂದೇ ಹುದ್ದೆಯಲ್ಲಿ, ಒಬ್ಬರೇ ಆಗಿ ವಾಸವಿರುವುದರಿಂದ, ಕೇಂದ್ರ ಕಚೇರಿ ಹಾಗೂ ಸದರಿ ಶಾಖಾ ಕಚೇರಿಯ ನಡುವಿನ ದೂರವನ್ನು ಸೊನ್ನೆ ಕಿಲೋಮೀಟರ್ ಎಂದು ನಿಗದಿಪಡಿಸಿ, ಕೋರಿಕೆ ಈಡೇರಿದೆ ಎಂದು ಪರಿಗಣಿಸಿ ಕಡತವನ್ನು ಮುಕ್ತಾಯಗೊಳಿಸಲಾಗಿದೆ. ಇಷ್ಟು ಅನ್ಯೋನ್ಯವಾಗಿರುವ ದಂಪತಿಗೆ ಇಲಾಖೆಯ ಅಭಿನಂದನೆಗಳು.’

ಆದೇಶ ಹಿಡಿದುಕೊಂಡು ಹೆಡ್‌ಕ್ಲರ್ಕರ ಬಳಿ ಹೋದಳು.

“ಸಾರ್, ಅವರು ಅಲ್ಲೇ ಇದ್ದಾರೆ.”

“ಯಾರಮ್ಮಾ?”

“ನಮ್ಮ ಯಜಮಾನ್ರು.”

ಅವರು ಆಕೆಯ ಫೋನ್ ತೆಗೆದುಕೊಂಡು ಸ್ಕ್ಯಾನ್ ಮಾಡಿ ನೋಡಿದರು. “ಇಲ್ಲೇ ಇದ್ದಾರಲ್ಲ,” ಎಂದರು.

ರವಾನೆಯಮ್ಮ ಫೋನ್ ವಾಪಸು ತೆಗೆದುಕೊಂಡಳು. “ಹಂಗಾದ್ರೆ ಈ ಕಾರ್ಡಿನ ಪ್ರಕಾರ ನೀವೂ ನಮ್ಮ ಯಜಮಾನ್ರೇ ಆದ್ರಿ ಸಾರ್.”

ಹೆಡ್‌ಕ್ಲರ್ಕರು ಕನ್ನಡಕ ತೆಗೆದು ಒರೆಸಿದರು. “ಅದು ಬೇರೆ ವಿಭಾಗದ ವಿಷಯ,” ಎಂದರು.

ಸುದ್ದಿ ತಿಳಿದು ಎಲ್ಲರೂ ಬಂದು ಕೈಕುಲುಕಿದರು. ಇಷ್ಟು ವರ್ಷದ ಮೇಲೆ ಗಂಡ ಹೆಂಡತಿ ಒಂದಾದಿರಲ್ಲ ಎಂದು ಕಸ ಗುಡಿಸುವಾಕೆಗೆ ಕಣ್ಣಲ್ಲಿ ನೀರೇ ಬಂತು. ಉಗ್ರಾಣದವನು ಸಿಹಿ ಕೇಳಿದ. ರವಾನೆಯಮ್ಮ ತನ್ನ ಜಾಗಕ್ಕೆ ವಾಪಸು ಬಂದು ಕೂತಳು. ಒಂದು ಪ್ರತಿ ತನಗೆ, ಒಂದು ಗಂಡನಿಗೆ. ಇಬ್ಬರ ವಿಳಾಸವೂ ಒಂದೇ ಆದ್ದರಿಂದ ನಿಯಮದಂತೆ ಒಂದೇ ಲಕೋಟೆ ಸಾಕು, ಒಂದೇ ಪ್ರತಿ ಸಾಕು. ಗಂಡನ ಪ್ರತಿ ಕೈಯಲ್ಲೇ ಉಳಿಯಿತು. ಉಳಿದ ಪ್ರತಿಯನ್ನು ಹರಿದು ಎಸೆಯಲು ರವಾನೆ ವಿಭಾಗದಲ್ಲಿ ಅವಕಾಶವಿಲ್ಲ. ಸಂಬಂಧಪಟ್ಟ ವಿಭಾಗಕ್ಕೆ ಕಳಿಸಬೇಕು. ಆದೇಶದಲ್ಲಿ ದೂರದ ಮಾತು ಇತ್ತಲ್ಲ, ಕಲ್ಲುಗಳ ಮೇಲಿನ ದೂರ ನೋಡಿಕೊಳ್ಳುವುದು ಕಲ್ಲು ವಿಭಾಗ. ಆಕೆ ತುಸು ಹೊತ್ತು ಗೋಂದಿನ ಕುಂಚ ಹಿಡಿದುಕೊಂಡು ಕೂತಿದ್ದು, ಆಮೇಲೆ ಲಕೋಟೆಯ ಮೇಲೆ ‘ಕಲ್ಲು ವಿಭಾಗ, ಮುಂದಿನ ಕ್ರಮಕ್ಕಾಗಿ’ ಎಂದು ಬರೆದು, ಸಂಖ್ಯೆ ಕೊಟ್ಟು ಕಳಿಸಿಬಿಟ್ಟಳು.

ಮನೆಗೆ ಹೋಗಿ ಅತ್ತೆಗೆ ಆದೇಶ ಓದಿ ಹೇಳಿದಳು. ಅತ್ತೆ ಪೂರ್ತಿ ಕೇಳಿದರು.

“ಹಂಗಾದ್ರೆ ಅವನು ಮನೇಲೇ ಇದ್ದಾನೆ ಅಂತಾಯ್ತು.”

“ಹೌದಂತೆ ಅತ್ತೆ.”

“ಸರಿ. ಗ್ಯಾಸ್ ಸಿಲಿಂಡರ್ ಬಾಗಿಲಲ್ಲೇ ಇಟ್ಟು ಹೋಗಿದ್ದಾರೆ. ಒಳಗೆ ತಂದಿಡೋಕೆ ಹೇಳು ಅವನಿಗೆ.”

ಸಿಲಿಂಡರನ್ನು ಆಕೆಯೇ ಉರುಳಿಸಿಕೊಂಡು ಬಂದು ಒಳಗಿಟ್ಟಳು. ದಾಖಲೆಯ ಪ್ರಕಾರ ಅದನ್ನು ಗಂಡನೇ ತಂದಿಟ್ಟ ಹಾಗಾಯಿತು. ಆಮೇಲೆ ಅವನ ಫೋನು ಬಂತು.

“ಆರ್ಡರ್ ಬಂತಾ?”

“ಬಂತು. ನೀವು ಇಲ್ಲೇ ಇದ್ದೀರಂತೆ.”

ಅವನು, ಊಟ ಆಯಿತಾ ಎಂದು ಕೇಳಿದ. ಆಯಿತು ಎಂದಳು.

“ಹಂಗಾದ್ರೆ ನಂದೂ ಆಯ್ತು ಬಿಡು,” ಎಂದ.

ಹದಿನೈದು ದಿನಕ್ಕೆ ಕಲ್ಲು ವಿಭಾಗ ಕ್ರಮ ಕೈಗೊಂಡಿತು. ನಿಗದಿಯಾದ ದೂರ ಸೊನ್ನೆಯಾಗಿರುವುದರಿಂದ ಶಾಖಾ ಕಚೇರಿಯಿಂದ ಕೇಂದ್ರ ಕಚೇರಿಯವರೆಗಿನ ಮುನ್ನೂರ ಹನ್ನೆರಡು ಕಲ್ಲುಗಳಿಗೂ ಹೊಸದಾಗಿ ಬಣ್ಣ ಹೊಡೆಸಿ ಸೊನ್ನೆ ಬರೆಸತಕ್ಕದ್ದು ಎಂದು ಆದೇಶವಾಯಿತು. ಆ ರಸ್ತೆಗೆ ಇರುವ ಮೇಸ್ತ್ರಿ ಒಬ್ಬನೇ. ಕೆಲಸ ಅವನಿಗೇ ಬಂತು. ಆ ಆದೇಶಕ್ಕೆ ರವಾನೆಯಮ್ಮ ಹಚ್ಚಿದಷ್ಟು ಗೋಂದನ್ನು ಇಲಾಖೆಯ ಇತಿಹಾಸದಲ್ಲಿ ಯಾವ ಲಕೋಟೆಗೂ ಯಾರೂ ಹಚ್ಚಿರಲಿಕ್ಕಿಲ್ಲ.

ಮೇಸ್ತ್ರಿ ಈಗ ಡಬ್ಬಿ ಕುಂಚದೊಂದಿಗೆ ಹೊರಟಿದ್ದಾನೆ. ದಿನಕ್ಕೆ ಎರಡು ಕಲ್ಲು, ಮಾದರಿಯಲ್ಲಿರುವಂತೆಯೇ. ಪ್ರಯಾಣಿಕರಿಂದ ಆಕ್ಷೇಪಣೆ ಬಂದಿಲ್ಲ. ಬಂದರೂ ಯಾವ ನಂಬರಿಗೆ ಫೋನ್ ಮಾಡುತ್ತಾರೆ? ಬಸ್ಸಿನವರು ಸೊನ್ನೆ ಕಂಡಲ್ಲಿ ಊರು ಬಂತು ಎಂದು ಇಳಿಸುತ್ತಾರೆ, ಜನ ಚೀಲ ಹೊತ್ತುಕೊಂಡು ಇಳಿಯುತ್ತಾರೆ. ಈ ಲೆಕ್ಕದಲ್ಲಿ ಐದು ತಿಂಗಳ ಮೇಲೆ ಕೆಲವು ದಿನಕ್ಕೆ ಮೇಸ್ತ್ರಿ ಕೊನೆಯ ಕಲ್ಲಿಗೆ ಬರುತ್ತಾನೆ. ಆ ಕಲ್ಲು ಕೇಂದ್ರ ಕಚೇರಿಯ ಗೇಟಿನ ಪಕ್ಕದಲ್ಲಿದೆ, ರವಾನೆ ವಿಭಾಗದ ಕಿಟಕಿಗೆ ನೇರವಾಗಿ. ರವಾನೆಯಮ್ಮ ಮೇಜನ್ನು ಅತ್ತ ಸ್ವಲ್ಪ ತಿರುಗಿಸಿಕೊಂಡಿದ್ದಾಳೆ. ಅಷ್ಟರೊಳಗೆ ಸಿಲಿಂಡರ್ ಎರಡು ಸಲವಾದರೂ ಖಾಲಿಯಾಗುತ್ತದೆ ಎಂದು ಅತ್ತೆ ಹೇಳಿದ್ದಾರೆ.